ರೋಹಿತ ಮನುಷ್ಯನಲ್ಲ

ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಭದ್ರಾವತಿ ನ್ಯೂ ಟೌನಿನ ಸಂಘವೊಂದು ರಾಜ್ಯೋತ್ಸವದ ಉಪನ್ಯಾಸಕ್ಕೆ ಆಹ್ವಾನ ಕೊಟ್ಟಿತು. ಹಿಗ್ಗಿಹೋದೆ! ಅಲ್ಲೇ ನನ್ನ ಭಾವಮೈದುನ ನಾಗರಾಜನ ಮನೆ. ‘ಭಾವನ ಮಾತು ಯಾರಿಗೂ ಅರ್ಥವಾಗಲ್ಲ’ ಎಂದು ನೆಂಟರಿಗೆಲ್ಲ ಹೇಳಿಕೊಂಡು ತಿರುಗುವ ಪ್ರಾಣಿ. ಈ ಸಲ ಅವನ ಬಾಯಿ ಮುಚ್ಚಿಸಲೇಬೇಕಿತ್ತು.

ವಿಷಯವೂ ಭರ್ಜರಿ. ನಮ್ಮ ಕಣ್ಣಿಗೆ ಬರೀ ಹಸಿರಾಗಿ ಕಾಣುವ ಎಲೆಯ ಬೆಳಕನ್ನು ನೂರಾರು ಎಳೆಗಳಾಗಿ ಬಿಡಿಸುವ ಕ್ಯಾಮೆರಾ! ಉಪಗ್ರಹದಲ್ಲಿಟ್ಟರೆ ಕಾಡು ಎಲ್ಲಿ ಬಾಡುತ್ತಿದೆ, ಮಣ್ಣಿನಲ್ಲಿ ಯಾವ ಅದಿರಿದೆ ಎಂದು ತಿಳಿಯುತ್ತದೆ. ಗಾಯದ ಮೇಲೆ ಹಿಡಿದರೆ ರಕ್ತ ಎಲ್ಲಿ ಸರಿಯಾಗಿ ಹರಿಯುತ್ತಿಲ್ಲ ಎಂದು ವೈದ್ಯರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಹೈಪರ್‌ಸ್ಪೆಕ್ಟ್ರಲ್. ಬೆಳಕು ಒಡೆದು ಮೂಡುವ ಬಣ್ಣಗಳ ಪಟ್ಟಿಗೆ ನಮ್ಮ ಪಠ್ಯಪುಸ್ತಕದಲ್ಲಿ ‘ರೋಹಿತ’ ಎಂಬ ಹೆಸರಿದೆ. ಅದಕ್ಕೆ ‘ಅತಿ’ ಸೇರಿಸಿದೆ. ಅತಿರೋಹಿತ!

“ಹೈಪರ್ ಅಂತಲೇ ಹೇಳಿ ಮಾರಾಯ್ರೆ, ನಿಮ್ಮ ಬಿಪಿ ಇದ್ದ ಹಾಗೆ. ಎಲ್ರಿಗೂ ಅರ್ಥ ಆಗುತ್ತೆ” ಎಂದಳು ಹೆಂಡತಿ.

“ರಾಜ್ಯೋತ್ಸವದಲ್ಲಿ ಇಂಗ್ಲಿಷಾ?” ಎಂದು ಸಿಡುಕಿದೆ.

ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. “ವಿಷಯ ಏನಂತ ಬರ್ಕೊಳ್ಳಲಿ ಸಾರ್?”

“ಅತಿರೋಹಿತ ಚಿತ್ರಗಳು.”

“ಅತಿ... ಯಾವ ರೋಹಿತ ಸಾರ್?”

ನನಗೆ ಮೈ ಉರಿಯಿತು. “ಅಲ್ಲಿಗೇ ಕರ್ಕೊಂಡು ಬಂದು ತೋರಿಸ್ತೀನಿ. ನೀವು ಬರ್ಕೊಳ್ರಿ ಸುಮ್ನೆ!” ಎಂದು ಫೋನ್ ಕುಕ್ಕಿದೆ.

ಹೇಳಿದ ದಿನ ನ್ಯೂ ಟೌನಿನಲ್ಲಿ ಆಟೋ ಇಳಿದೆ. ಸಭಾಂಗಣದ ಬಾಗಿಲಲ್ಲಿ ದೊಡ್ಡ ಬ್ಯಾನರ್. ‘ಅತಿಥಿ ರೋಹಿತ್ ಅವರ ಚಿತ್ರಗಳು.’ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಕರೆತರುವವರು’ ಎಂದು ನನ್ನ ಹೆಸರು!

ಕಾರ್ಯದರ್ಶಿ ಹಾರ ಹಿಡಿದು ಓಡಿ ಬಂದು, ನನ್ನನ್ನು ದಾಟಿ ಆಟೋದೊಳಗೆ ಇಣುಕಿದರು. “ರೋಹಿತ್ ಸಾರ್ ಎಲ್ಲಿ?”

“ರೋಹಿತ ಮನುಷ್ಯನೇ ಅಲ್ರೀ!” ಎಂದು ಕಿರುಚಿದೆ.

ಅವರು ದನಿ ತಗ್ಗಿಸಿದರು. “ಲೇಟಾಯ್ತು ಅಂತ ಹಾಗೆಲ್ಲ ಬೈಬಾರ್ದು ಸಾರ್. ಪಾಪ, ಬಸ್ ಸಿಕ್ಕಿಲ್ವೇನೋ.”

ವೇದಿಕೆಯ ಮೇಲೆ ರೋಹಿತನಿಗೆಂದು ಇಟ್ಟ ಕುರ್ಚಿ ಖಾಲಿ, ಮುಂದಿನ ಸಾಲಿನಲ್ಲಿ ನಾಗರಾಜನ ಹಲ್ಲುಗಳು. ನನ್ನ ಪಿತ್ತ ನೆತ್ತಿಗೇರಿತು. “ಮೊದಲನೆಯದಾಗಿ, ರೋಹಿತ ಎಂಬ ವ್ಯಕ್ತಿಯೇ ಇಲ್ಲ!” ಎಂದು ಮೇಜು ಗುದ್ದಿದೆ. ನೀರಿನ ಲೋಟ ಉರುಳಿತು. ಸಭೆಗೆ ತೋರಿಸಲೆಂದು ವಾರವಿಡೀ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆದಿದ್ದ ಹಾಳೆಗಳೆಲ್ಲ ತೊಯ್ದವು. ಬಣ್ಣ ಬೇರ್ಪಡಿಸುವ ವಿದ್ಯೆ ಹೇಳಲು ಬಂದವನ ಮುಂದೆ ಅಷ್ಟೂ ಬಣ್ಣ ಕಲಸಿ ಒಂದೇ ರಾಡಿ!

ಚಿತ್ರವಿಲ್ಲದೆಯೇ ಕಾಡು, ಅದಿರು, ಗಾಯ ಎಂದು ಅರಚಿದೆ.

“ಚಿತ್ರ ಎಲ್ಲಿ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಅಜ್ಜಿಯೊಬ್ಬರು ಸಮಾಧಾನ ಹೇಳಿದರು. “ಆ ರೋಹಿತನ ಹತ್ರ ಇರ್ಬೇಕು, ಬರ್ತಾನೆ ತಡೀರಿ.”

ಅವನು ಬರಲಿಲ್ಲ. ವಂದನಾರ್ಪಣೆಯಾಯಿತು. ‘ಶ್ರೀ ರೋಹಿತ್ ಅವರಿಗೆ’ ಎಂದು ಕೆತ್ತಿದ ಫಲಕವನ್ನು ಕಾರ್ಯದರ್ಶಿ ನನ್ನ ಕೈಗಿಟ್ಟು, “ದಯವಿಟ್ಟು ತಲುಪಿಸಿ ಸಾರ್” ಎಂದರು.

ನಾಗರಾಜ ಬಸ್‌ಸ್ಟ್ಯಾಂಡಿನವರೆಗೂ ಬಂದು ಬೆನ್ನು ತಟ್ಟಿದ. “ಬಿಡಿ ಭಾವ. ರೋಹಿತ್ ಬಂದಿದ್ರೆ ಅರ್ಥ ಆಗೋ ಹಾಗೆ ಹೇಳ್ತಿದ್ದ.”

ಶಿವಮೊಗ್ಗದ ದುರ್ಗಿಗುಡಿಯ ಮನೆ ತಲುಪಿದವನೇ ಆ ಸಂಘವನ್ನು, ಬ್ಯಾನರ್ ಬರೆದವನನ್ನು, ನಾಗರಾಜನನ್ನು ಮನಸಾರೆ ಬೈದೆ. ಹೆಂಡತಿ ಫಲಕವನ್ನು ಓದಿದಳು. ಬಾಗಿಲಾಚೆ ಒಮ್ಮೆ ಇಣುಕಿದಳು.

“ಊಟ ಒಬ್ರಿಗೋ, ಇಬ್ರಿಗೋ?”

“ಇಬ್ಬರಿಗೂ ಬಡಿಸು!” ಎಂದು ಗುಡುಗಿದೆ.

ರೋಹಿತನ ಪಾಲನ್ನೂ ನಾನೇ ಉಂಡೆ. ಸಿಟ್ಟು ಬಂದರೆ ನನಗೆ ಹಸಿವು ಜಾಸ್ತಿ.