ಟರ್ಬೋ ಜೀಪಿಗೆ ಚೆಂಡು ಹೂವಿನ ಹಾರ

ಉಷ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಗೋರೆಗಾಂವ್‌ನ ಒಂದು ಪಿಂಗಾಣಿ ಕಾರ್ಖಾನೆಯಲ್ಲಿ ನಾನು ಕುಲುಮೆ ವಿಭಾಗದ ಸೂಪರ್‌ವೈಸರ್. ದಿನವಿಡೀ ಸಾವಿರ ಡಿಗ್ರಿಯ ಬೆಂಕಿಯನ್ನು ಹದದಲ್ಲಿಡುವವನು ಒಂದು ಯಃಕಶ್ಚಿತ್ ಜೀಪಿನ ಹೊಗೆಯನ್ನು ಹದದಲ್ಲಿಡಲಾರನೇ? ಇಡಲಾರ! ಎಂಬತ್ತರ ದಶಕದ ಕೊನೆಯಲ್ಲಿ ಇದು ಸಕಲ ಬಂಧುಬಳಗದ ಸಮಕ್ಷಮದಲ್ಲಿ ಸಾಬೀತಾಯಿತು.

ಆ ಹಳೆಯ ಡೀಸೆಲ್ ಜೀಪನ್ನು ನಾನು ಒಬ್ಬ ಕಂಟ್ರಾಕ್ಟರರಿಂದ ಕೊಂಡಿದ್ದೆ. ಅದು ಒಳ್ಳೆಯ ಜೀವ. ಆದರೆ ಏರು ಬಂತೆಂದರೆ ಅದಕ್ಕೆ ವೈರಾಗ್ಯ ಬರುತ್ತಿತ್ತು. ಒಮ್ಮೆ ಫಿಲ್ಮ್ ಸಿಟಿ ರಸ್ತೆಯ ಏರಿನಲ್ಲಿ ಹಾಲಿನ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಸರೋಜ, "ನಾನು ಇಳಿದು ನಡ್ಕೊಂಡು ಹೋಗಿ ಕಾಫಿ ಮಾಡಿಟ್ಟಿರ್ತೀನಿ, ನೀವು ನಿಧಾನವಾಗಿ ಬನ್ನಿ" ಎಂದಳು. ಗಂಡಸಾದವನು ಇನ್ನೆಷ್ಟು ಸಹಿಸಿಯಾನು!

ಮಾರನೆಯ ದಿನವೇ ಜೋಗೇಶ್ವರಿಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಸಪ್ಪ ಬಿಜಾಪುರದ ಕಡೆಯವನು. ಗುಜರಿಗೆ ಬಂದ ಲಾರಿಯೊಂದರ ಟರ್ಬೋವನ್ನು ಅವನಿಂದ ಜೀಪಿಗೆ ಕೂಡಿಸಿದೆ. ಟರ್ಬೋ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಗಾಳಿ ಹೆಚ್ಚು ಬಂದ ಮೇಲೆ ಡೀಸೆಲ್ಲನ್ನೂ ಹೆಚ್ಚು ಕೊಡಬೇಕು ತಾನೆ? ಬಸಪ್ಪ ಚಹಾಕ್ಕೆ ಹೋದ ಸಮಯ ನೋಡಿ ಡೀಸೆಲ್ ಪಂಪಿನ ಸ್ಕ್ರೂವನ್ನು ನಾನೇ ಒಂದೂವರೆ ಸುತ್ತು ತಿರುಗಿಸಿದೆ.

ಜೀಪು ಹಾರಿತು! ಏರಿನಲ್ಲಿ ಸೈಕಲ್ಲಿರಲಿ, ಬಸ್ಸನ್ನೂ ಹಿಂದೆ ಹಾಕಿದೆ. ಮನೆಗೆ ಬಂದು ಬಾನೆಟ್ ಎತ್ತಿದರೆ ಹೊಗೆಯ ಕೊಳವೆ ಹಣ್ಣಾದ ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ಮತ್ತೆ ಗ್ಯಾರೇಜಿಗೆ ಓಡಿದೆ.

"ಸಾಹೇಬ್ರ, ಡೀಸೆಲ್ ಭಾಳ ಆಗೇದ, ಹವಾ ಸಾಲವಲ್ದು" ಎಂದ ಬಸಪ್ಪ. "ಹೊಗಿ ಹಿಂಗ ಗರಂ ಆದ್ರ ಪಿಸ್ಟನ್ ಕರಗಿ ಹೋಗ್ತಾವ. ಸ್ಕ್ರೂ ವಾಪಸ್ ತಿರುವ್ರಿ."

ವಾಪಸ್! ಆ ಪದವೇ ನನ್ನ ನಿಘಂಟಿನಲ್ಲಿರಲಿಲ್ಲ. ಡೀಸೆಲ್ ಕಡಿಮೆ ಮಾಡುವ ಬದಲು ಗಾಳಿಯನ್ನೇ ಇನ್ನೂ ಹೆಚ್ಚಿಸುವುದೆಂದು ತೀರ್ಮಾನಿಸಿದೆ. ವನಸ್ಪತಿ ಡಬ್ಬದ ತಳ ಕತ್ತರಿಸಿ ಜೀಪಿನ ಮೂತಿಯಲ್ಲಿ ಕೂರಿಸಿ, ಅಲ್ಲಿಂದ ನೇರವಾಗಿ ತಂಪು ಗಾಳಿ ಒಳಗೆ ಹೋಗುವಂತೆ ಮಾಡಿದೆ. ಕಾರ್ಖಾನೆಯಲ್ಲಿ ಮೂಲೆ ಸೇರಿದ್ದ ಒಂದು ಕುಲುಮೆ ಮೀಟರನ್ನು ಕೇಳಿ ತಂದು, ಹೊಗೆಯ ಬಿಸಿ ತೋರಿಸಲೆಂದು ಸ್ಟೀರಿಂಗ್ ಪಕ್ಕದಲ್ಲಿ ಜೋಡಿಸಿದೆ. ಅದು ತಿಂಡಿ ತಟ್ಟೆಯಷ್ಟು ಅಗಲವಿತ್ತು. ಹೀಗೆ ಮೂರು ತಿಂಗಳು ಒದ್ದಾಡಿ ಮೀಟರಿನ ಮುಳ್ಳನ್ನು ಆರುನೂರು ಡಿಗ್ರಿಯ ಕೆಳಗೆ ತಂದೆ. ಏಳುನೂರು ದಾಟಿದರೆ ಆಕ್ಸಿಲರೇಟರಿನಿಂದ ಕಾಲು ತೆಗೀಬೇಕು, ಟಾಪ್ ಗೇರಿನಲ್ಲಿ ಏರು ಹತ್ತಬಾರದು ಎಂಬ ಬಸಪ್ಪನ ನಿಯಮಗಳನ್ನು ಬರೆದು ಗಾಜಿಗೆ ಅಂಟಿಸಿದೆ. "ಮಕ್ಕಳ ಜ್ವರಾನೂ ನೀವು ಇಷ್ಟು ಸಲ ನೋಡಲಿಲ್ಲ" ಎಂದಳು ಸರೋಜ.

ಅಷ್ಟರಲ್ಲಿ ನಾದಿನಿಯ ಮದುವೆ ಬಂತು. ಗೋರೆಗಾಂವ್‌ನಲ್ಲಿ ಹಾಲ್, ಹತ್ತು ನಲವತ್ತಕ್ಕೆ ಮುಹೂರ್ತ. ಮೈಸೂರಿನಿಂದ ಬಂದ ಗಂಡಿನ ಕಡೆಯವರಿಗೆ ದಾದರ್‌ನ ಲಾಡ್ಜಿನಲ್ಲಿ ಬಿಡಾರ. ನೆಂಟರೆಲ್ಲ ಬಸ್ಸಿನಲ್ಲಿ ಮೊದಲೇ ಹೋಗುವುದು, ಮದುಮಗ ಶ್ರೀಧರ ಮತ್ತು ಅವನ ಸೋದರಮಾವನನ್ನು ಬಾಡಿಗೆ ಕಾರಿನಲ್ಲಿ ತರುವುದು ಎಂದು ನಮ್ಮ ಮಾವನವರು ಯೋಜಿಸಿದ್ದರು.

"ಬಾಡಿಗೆ ಕಾರೇ? ನಾನಿಲ್ಲವೇ?" ಎಂದೆ.

ಮಾವನವರು ಮಿತಭಾಷಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರ ಬಾಯಿಂದ ನನ್ನ ಬಗ್ಗೆ "ಪರವಾಗಿಲ್ಲ" ಎಂಬ ಒಂದು ಮಾತೂ ಬಂದಿರಲಿಲ್ಲ. ಆ ಒಂದು ಮಾತಿಗಾಗಿ ನಾನು ಹಂಬಲಿಸುತ್ತಿದ್ದೆ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಹೂರ್ತ ಮೀರಬಾರದು" ಎಂದಷ್ಟೇ ಹೇಳಿದರು.

ಬೆಳಿಗ್ಗೆ ಏಳಕ್ಕೇ ದಾದರ್ ತಲುಪಿದೆ. ಸಮಯ ಬೇಕಾದಷ್ಟಿತ್ತು. ಅದೇ ತಪ್ಪಾಯಿತು. ಎದುರಿಗೆ ಹೂವಿನ ಮಾರ್ಕೆಟ್! ಮದುಮಗ ಬರುವ ಗಾಡಿ ಬೋಳುಬೋಳಾಗಿದ್ದರೆ ಬೀಗರು ಏನೆಂದುಕೊಂಡಾರು? ಕೈತುಂಬ ದಪ್ಪ ಚೆಂಡು ಹೂವಿನ ಹಾರಗಳನ್ನು ಕೊಂಡೆ. ಎರಡು ಬಾಳೆಕಂದುಗಳನ್ನು ಮೂತಿಯ ಎರಡೂ ಕಡೆ ನಿಲ್ಲಿಸಿದೆ. ನಡುವೆ ಹಾರಗಳನ್ನು ಪರದೆಯಂತೆ ಇಳಿಬಿಟ್ಟು, ಹಾರಿಹೋಗಬಾರದೆಂದು ದಾರದಿಂದ ಬಿಗಿದು ಕಟ್ಟಿದೆ. ಮೂತಿಯಲ್ಲಿ ಒಂದು ಡಬ್ಬದ ಬಾಯಿ ಅಸಹ್ಯವಾಗಿ ಕಾಣುತ್ತಿತ್ತು. ಅದರ ಮೇಲೆ ಇನ್ನೊಂದು ಹಾರ ಹಾಕಿದೆ!

ಮೂರು ತಿಂಗಳು ಗಾಳಿ ಗಾಳಿ ಎಂದು ಜಪ ಮಾಡಿದ ಮಹಾನುಭಾವ, ತನ್ನ ಕೈಯಾರೆ ಎಂಜಿನ್ನಿನ ಮೂಗು ಮುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ ಸಂತೋಷಪಟ್ಟ.

ಒಂಬತ್ತಕ್ಕೆ ಹೊರಟೆವು. ಮುಂದೆ ನನ್ನ ಪಕ್ಕದಲ್ಲಿ ಮೈಸೂರು ಪೇಟ, ರೇಷ್ಮೆ ಪಂಚೆಯ ಶ್ರೀಧರ. ಹಿಂದೆ ಸೋದರಮಾವ. ಅವರ ಪಕ್ಕದಲ್ಲಿ ಕಾಶೀಯಾತ್ರೆಯ ಶಾಸ್ತ್ರಕ್ಕೆಂದು ನಾನು ಮದುವೆ ಹಾಲ್‌ಗೆ ಒಯ್ಯುತ್ತಿದ್ದ ಕೊಡೆ ಮತ್ತು ಕೋಲು.

ಮಾಹಿಮ್ ದಾಟುವಾಗ ಸೋದರಮಾವ ಹಿಂದಿನಿಂದ ಬಗ್ಗಿ ಮೀಟರ್ ನೋಡಿದರು. "ಏನ್ರೀ ಇದು, ಆರುನೂರೈವತ್ತರ ಸ್ಪೀಡು! ಸ್ವಲ್ಪ ನಿಧಾನ ಹೋಗ್ರೀ!"

"ಅದು ಸ್ಪೀಡಲ್ಲ ಸ್ವಾಮಿ, ಹೊಗೆಯ ಬಿಸಿ" ಎಂದೆ. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬಾಂದ್ರಾದಲ್ಲಿ ಮುಳ್ಳು ಏಳುನೂರು ಮುಟ್ಟಿತು. ನಿಯಮದಂತೆ ಕಾಲು ತೆಗೆದೆ. ಗೇರ್ ಇಳಿಸಿದೆ. ಮುಳ್ಳು ಇನ್ನೂ ಮೇಲಕ್ಕೆ ಹೋಯಿತು! ಹಿಂದೆ ಕಪ್ಪು ಹೊಗೆಯ ಮೋಡ. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಅರೇ ಭಾಯ್, ಶಾದೀ ಹೈ ಯಾ ಆಗ್ ಲಗೀ ಹೈ?" ಎಂದು, ಇದು ಮದುವೆಯೋ ಬೆಂಕಿ ಬಿದ್ದಿದೆಯೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಪಾರ್ಲೆ ಹತ್ತಿರ ಎಂಟುನೂರು. ಆಗ ಢಬ್ ಎಂದಿತು. ಹೊಗೆ ಕೊಳವೆಯ ಸಂದು ಕಿತ್ತುಹೋಗಿ, ಜೀಪಿನ ನೆಲದ ತೂತುಗಳಿಂದ ಮಸಿ ನೇರವಾಗಿ ನನ್ನ ಮುಖಕ್ಕೇ ಬಂತು. ಶ್ರೀಧರ ತಾಳ್ಮೆಯ ಹುಡುಗ. ಹಿಂದಿನಿಂದ ಕಾಶೀಯಾತ್ರೆಯ ಕೊಡೆ ತೆಗೆದು, ಜೀಪಿನೊಳಗೇ ಬಿಚ್ಚಿ, ನನಗೂ ತನಗೂ ನಡುವೆ ಅಡ್ಡ ಹಿಡಿದ. ರೇಷ್ಮೆ ಉಳಿಯಿತು. ಜೀಪು ನಿಂತಿತು.

"ಎರಡೇ ನಿಮಿಷ, ಸರಿಮಾಡ್ತೀನಿ" ಎಂದೆ.

"ಭಾವ, ಆಗಲೇ ಹತ್ತು ಗಂಟೆ" ಎಂದ ಶ್ರೀಧರ. "ಸ್ಟೇಷನ್ ಎಲ್ಲಿ?"

ನಾನು ಕೈ ತೋರಿಸಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು ಹಿಡಿದು ಅವನು ಹೊರಟ. ಹಿಂದೆಯೇ ಸೋದರಮಾವ, "ಕಾಶೀಯಾತ್ರೆ ಅಂದ್ರೆ ನಿಜವಾಗ್ಲೂ ನಡೆಸ್ತಾರಲ್ಲಪ್ಪ ನಿಮ್ಮ ಮಾವನ ಮನೆಯೋರು!" ಎನ್ನುತ್ತಾ ಓಡಿದರು. ಆ ಹೊತ್ತಿನಲ್ಲಿ ಗೋರೆಗಾಂವ್ ಕಡೆಯ ಲೋಕಲ್ ರೈಲು ಖಾಲಿ. ಕೂರಲು ಕಿಟಕಿಯ ಸೀಟೇ ಸಿಕ್ಕಿತಂತೆ. ಮುಹೂರ್ತಕ್ಕೆ ಐದು ನಿಮಿಷ ಮೊದಲು ಮದುಮಗ ಹಾಲ್ ತಲುಪಿದ. ನಡೆದದ್ದನ್ನೇ ಕಾಶೀಯಾತ್ರೆಯೆಂದು ಪುರೋಹಿತರು ಒಪ್ಪಿಕೊಂಡರಂತೆ.

ನಾನು ಫೋನ್ ಮಾಡಿ ಬಸಪ್ಪನನ್ನು ಕರೆಸಿದೆ. ಅವನು ಡಬ್ಬದ ಬಾಯಿಗೆ ಕೈ ಹಾಕಿ, ಎಂಜಿನ್ ಒಳಕ್ಕೆ ಎಳೆದುಕೊಂಡಿದ್ದ ಹಾರವನ್ನು ಮೊಳಮೊಳವಾಗಿ ಹೊರಗೆಳೆದ. ಎಳೆಯುತ್ತಲೇ ಇದ್ದ.

"ಸಾಹೇಬ್ರ, ಹಾರ ಯಾವಾಗ ಹಾಕ್ತಾರ ಗೊತ್ತಿಲ್ಲೇನ್ರಿ? ಎಂಜಿನ್ ಸತ್ತ ಮ್ಯಾಲ ಹಾಕಬೇಕಿತ್ತು." ನಾನು ಸ್ಕ್ರೂ ವಾಪಸ್ ತಿರುವಲು ಒಪ್ಪಿದೆ.

ಜೀಪನ್ನು ಅವನಿಗೆ ಬಿಟ್ಟು ನಾನೂ ಲೋಕಲ್ ಹಿಡಿದು ಹಾಲ್ ತಲುಪುವಾಗ ಧಾರೆ ಮುಗಿದು ಗಂಟೆಯಾಗಿತ್ತು. ಮುಂದಿನ ಬಾಗಿಲಲ್ಲಿ ಮಾವನವರು ಅತಿಥಿಗಳಿಗೆ ಕೈ ಮುಗಿಯುತ್ತಾ ನಿಂತಿದ್ದರು. ನನ್ನ ಕಾಲುಗಳು ತಾವಾಗಿಯೇ ಹಿಂದಿನ ಬಾಗಿಲ ಕಡೆ ತಿರುಗಿದವು. ಅದು ಅಡುಗೆಮನೆ. ಒಳಗೆಲ್ಲ ಹೊಗೆ.

ಅಡುಗೆ ಭಟ್ಟರು ನನ್ನನ್ನು ನೋಡಿದ್ದೇ, "ಬಂದ್ಯೇನಪ್ಪ ಸ್ಟೋವ್ ರಿಪೇರಿಯವನೇ! ಬೆಳಿಗ್ಗೆಯಿಂದ ಕಾಯ್ತಿದ್ದೀವಿ" ಎಂದು ಕೈ ಹಿಡಿದು ಎಳೆದೊಯ್ದರು.

ದೊಡ್ಡ ಸೀಮೆಎಣ್ಣೆ ಒಲೆ ಕಪ್ಪು ಹೊಗೆ ಕಾರುತ್ತಿತ್ತು. ಮಂಡಿಯೂರಿ ನೋಡಿದೆ. ಗಾಳಿಕಿಂಡಿಗೆ ಯಾರೋ ಬಾಳೆಎಲೆಯ ಕಟ್ಟನ್ನು ಒರಗಿಸಿಟ್ಟಿದ್ದರು! ಕಟ್ಟನ್ನು ಆಚೆ ಸರಿಸಿದೆ. ಉರಿ ನೀಲಿಯಾಗಿ ಭೋರೆಂದಿತು. ಭಟ್ಟರು ಸಂತೋಷ ತಡೆಯಲಾರದೆ ಅಲ್ಲೇ ಎಲೆ ಹಾಕಿ, ಹೆಂಚಿನಿಂದ ನೇರವಾಗಿ ಎರಡು ಹೋಳಿಗೆ ಇಟ್ಟು ತುಪ್ಪ ಸುರಿದರು.

ಆಗ ಮಾವನವರು ಒಳಗೆ ಬಂದರು. ಉರಿಯುವ ಒಲೆಯನ್ನು ನೋಡಿದರು. ಮಸಿ ಮೆತ್ತಿದ ನನ್ನ ಮುಖವನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖ ಅರಳಿತು.

"ಪರವಾಗಿಲ್ಲ ಕಣಯ್ಯ, ಕೆಲಸ ಗೊತ್ತಿರೋನು ನೀನು!" ಎಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಭಟ್ಟರ ಕಡೆ ತಿರುಗಿ, "ಇವನಿಗೆ ಹೊಟ್ಟೆ ತುಂಬ ಬಡಿಸ್ರಿ. ನಮ್ಮ ದೊಡ್ಡ ಅಳಿಯನ ಬದಲು ಇವನ ಕೈಗೇ ಆ ಜೀಪು ಕೊಟ್ಟಿದ್ರೆ ಮದುಮಗ ಸುಖವಾಗಿ ಬಂದಿರ್ತಿದ್ದ" ಎಂದರು.

ನಾನು ಬಾಯಿ ಬಿಡಲಿಲ್ಲ. ಬಾಯಿ ತುಂಬ ಹೋಳಿಗೆಯಿತ್ತು.