ತೊಟ್ಟಿಯಣ್ಣನ ಪಾದಪ್ರಕ್ಷಾಳನ

ನಿವೃತ್ತ ಪೋಸ್ಟ್‌ಮಾಸ್ಟರರು ಪವಿತ್ರ ಗುರುವಾರದ ದಿನವೇ ಬಚ್ಚಲಲ್ಲಿ ಜಾರಿ ಬೀಳಬೇಕೆ? ಬುಧವಾರ ಬಿದ್ದಿದ್ದರೆ ಪಾದ್ರಿಗಳಿಗೆ ಬೇರೆಯವರನ್ನು ಹುಡುಕಲು ಸಮಯ ಸಿಗುತ್ತಿತ್ತು. ಶುಕ್ರವಾರ ಬಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವರು ಗುರುವಾರ ಬೆಳಿಗ್ಗೆಯೇ ಬಿದ್ದು ಪಾದಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡರು. ಆದರೆ ಅದರ ಪೆಟ್ಟು ಬಿದ್ದದ್ದು ಚರ್ಚಿನ ಹಿಂದಿನ ಬೀದಿಯಲ್ಲಿ ತನ್ನ ಪಾಡಿಗೆ ತಾನು ತಿಂಡಿ ತಿನ್ನುತ್ತ ಕೂತಿದ್ದ ತೊಟ್ಟಿಯಣ್ಣನಿಗೆ.

ಆ ಸಂಜೆ ಚರ್ಚಿನಲ್ಲಿ ಪಾದ ತೊಳೆಯುವ ಸೇವೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿಗಳು ಹನ್ನೆರಡು ಜನರನ್ನು ಎಲ್ಲರ ಮುಂದೆ ಕೂರಿಸಿ, ಮೊಣಕಾಲೂರಿ, ಅವರ ಪಾದ ತೊಳೆದು, ಒರೆಸಿ, ಮುತ್ತಿಡುತ್ತಾರೆ. ದೊಡ್ಡವರು ಬಗ್ಗಬೇಕು, ನೋಡಿದವರು ವಿನಯ ಕಲಿಯಬೇಕು ಎಂಬುದು ಇದರ ಉದ್ದೇಶ. ಆ ಹನ್ನೆರಡು ಕುರ್ಚಿಗಳಿಗೆ ಪ್ರತಿ ವರ್ಷ ನಡೆಯುವ ಪೈಪೋಟಿ ನೋಡಿದರೆ, ಯಾರೂ ಇನ್ನೂ ಏನೂ ಕಲಿತಂತೆ ಕಾಣುವುದಿಲ್ಲ.

"ಪೋಸ್ಟ್‌ಮಾಸ್ಟರ್ ಕುರ್ಚಿ ನಿನ್ನ ಪಾಲಿಗೆ ಬಂತು ಕಣಯ್ಯಾ!" ಎಂದು ಬಾಗಿಲಲ್ಲೇ ಕೂಗಿದ ಗಂಟೆಯಣ್ಣ. ಚರ್ಚಿನ ಗಂಟೆ ಹೊಡೆಯುವವನು. ಸುದ್ದಿಯನ್ನೂ ಅಷ್ಟೇ ಜೋರಾಗಿ ಹೊಡೆಯುವವನು. "ನಿನ್ನ ಹೆಸರು ಹೇಳಿದ್ದು ಬೇರೆ ಯಾರೂ ಅಲ್ಲ, ನಿನ್ನ ಬೀಗರು! ನನ್ನ ಪಕ್ಕದಲ್ಲೇ ಕೂರಿಸಿ ಅಂದ್ರಂತೆ."

ತೊಟ್ಟಿಯಣ್ಣನ ಎದೆ ಗೇಣುದ್ದ ಉಬ್ಬಿತು. ಆಮೇಲೆ ಕಣ್ಣು ತನ್ನ ಕಾಲಿನ ಮೇಲೆ ಬಿತ್ತು. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅವನ ಕಾಲು ನೀಲಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನೀಲಿ ತೊಟ್ಟಿಗಿಳಿದು ಬಟ್ಟೆ ತುಳಿಯುವುದು ಅವನ ಕೆಲಸ. ಮದುವೆಗೆ ಮುಂಚಿನಿಂದಲೂ ತುಳಿದು ತುಳಿದು, ಅಂಗಾಲಿನಿಂದ ಮೀನಖಂಡದವರೆಗೆ ಬಣ್ಣ ಚರ್ಮದೊಳಗೇ ಇಳಿದಿತ್ತು. ಉಗುರುಗಳಂತೂ ಮಸಿ ಕುಡಿಕೆಯಲ್ಲಿ ಅದ್ದಿ ತೆಗೆದ ಹಾಗಿದ್ದವು. ಅದಕ್ಕೇ ಬೀದಿಯವರು ಇಟ್ಟ ಹೆಸರು ತೊಟ್ಟಿಯಣ್ಣ. ಅವನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ, ಮಗಳ ಸಂಬಂಧ ಕೂಡಿಬರುವವರೆಗೆ.

ಹುಡುಗನ ತಂದೆ ಕಟ್ಟಡದ ಗುತ್ತಿಗೆದಾರರು. ಊರಿನ ಇನ್ನೊಂದು ತುದಿಯಿಂದ ಇತ್ತೀಚೆಗೆ ಬಂದು ಈ ಚರ್ಚಿಗೆ ಸೇರಿದವರು. ಹುಡುಗ ಹುಡುಗಿ ಗಾಯನ ತಂಡದಲ್ಲಿ ಜೊತೆಗೆ ಹಾಡುತ್ತ ಒಪ್ಪಿಕೊಂಡಿದ್ದರು. ಹಿರಿಯರ ಮಾತುಕತೆಗೆ ಬಂದ ಗುತ್ತಿಗೆದಾರರು, "ಕಾರ್ಖಾನೇಲಿ ತಮ್ಮದು ಏನು ಕೆಲಸ?" ಎಂದು ಕೇಳಿದಾಗ, ಅವರ ಅಗಲವಾದ ಭುಜ, ಇಸ್ತ್ರಿ ಮಾಡಿದ ಅಂಗಿ ನೋಡಿ, ಕಾಲುಚೀಲದಲ್ಲಿ ಕಾಲು ಮುಚ್ಚಿಕೊಂಡು ಕೂತಿದ್ದ ತೊಟ್ಟಿಯಣ್ಣನ ಬಾಯಿಂದ "ಸೂಪರ್‌ವೈಸರ್" ಎಂಬ ಮಾತು ಜಾರಿಬಿಟ್ಟಿತು. ಬಚ್ಚಲಲ್ಲಿ ಜಾರಿದರೆ ಪ್ಲಾಸ್ಟರ್ ಹಾಕಬಹುದು. ಬಾಯಿ ಜಾರಿದರೆ ಏನು ಮಾಡುವುದು? ಅವನ ಹೆಂಡತಿ ಆ ಸಂಜೆಯೇ ಬೀದಿಯ ಮನೆಮನೆಗೂ ಹೋಗಿ, "ಇನ್ಮೇಲೆ ಬೀಗರ ಎದುರು ಯಾರೂ ತೊಟ್ಟಿಯಣ್ಣ ಅನ್ನಬೇಡಿ. ಸೂಪರ್‌ವೈಸರ್ ಅನ್ನಿ. ನಮ್ಮ ಹುಡುಗಿ ಬಾಳಿನ ಪ್ರಶ್ನೆ" ಎಂದು ಕೈಮುಗಿದು ಬಂದಳು. ಬೀದಿಯವರು ಮಾತು ಕೊಟ್ಟರು.

"ನಾನು ಹೋಗಲ್ಲ. ಜ್ವರ ಅಂತ ಹೇಳಿಬಿಡು," ಎಂದ ತೊಟ್ಟಿಯಣ್ಣ.

"ಬೀಗರು ತಾವಾಗಿ ಕರೆದಿದ್ದಾರೆ ಕಣ್ರೀ. ಬೇಡ ಅಂದ್ರೆ ಅವರಿಗೆ ಅವಮಾನ ಆಗಲ್ವಾ?" ಎಂದಳು ಹೆಂಡತಿ.

ಮಗಳು ತಟ್ಟೆ ಎತ್ತುತ್ತ, "ಅಪ್ಪಾ, ಈ ಕಾಲಲ್ಲೇ ಹೋಗಿ. ಇರೋದನ್ನ ಇದ್ದ ಹಾಗೆ ಹೇಳಿಬಿಡಿ. ನೀಲಿ ಏನು ಕಳ್ಳತನ ಮಾಡಿ ತಂದದ್ದಾ?" ಎಂದಳು.

"ನಿಂಗೆ ಗೊತ್ತಾಗಲ್ಲ ಸುಮ್ನಿರಮ್ಮ. ತೊಟ್ಟಿ ತುಳಿಯೋನ ಮಗಳು ಅಂತ ಬಿಟ್ಟು ಹೋದ್ರೆ?"

ಅವಳು ತಟ್ಟೆ ಹಿಡಿದು ಒಳಗೆ ಹೋದಳು. ಆ ಹುಡುಗನ ಮಾತು ಬಂದಾಗಿನಿಂದ ಅವಳು ಬಟ್ಟೆ ಒಣಗಿಸುವಾಗಲೂ ಹಾಡುತ್ತಿದ್ದದ್ದು ತೊಟ್ಟಿಯಣ್ಣನಿಗೆ ನೆನಪಾಯಿತು. ಆ ಹಾಡು ತನ್ನ ಕಾಲಿನಿಂದಾಗಿ ನಿಂತುಹೋದರೆ ಎಂದು ಅವನಿಗೆ ನಿಜಕ್ಕೂ ಭಯವಾಯಿತು. ಕೈ ತೊಳೆದವನೇ ಕಾಲು ತೊಳೆಯಲು ಕೂತ.

ಹೆಂಡತಿ ಮೊದಲು ನಿಂಬೆಹಣ್ಣು, ಸೋಡಾಪುಡಿ ಹಾಕಿ ತಿಕ್ಕಿದಳು. ಆಮೇಲೆ ಇಟ್ಟಿಗೆ ಚೂರು ತಂದಳು. ಚರ್ಮ ಹೋಯಿತು, ಬಣ್ಣ ಹೋಗಲಿಲ್ಲ. ಅವನ ಕೂಗು ಕೇಳಿ ಪಕ್ಕದ ಮನೆಯ ಕಾಂಪೌಂಡರ್ ಮಾಮ ಗೋಡೆಯ ಮೇಲಿಂದ ಇಣುಕಿದರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರಿಗೆ ರೋಗಿಗಳ ಬರ.

"ಮೂರ್ಖರ ಹಾಗೆ ಇಟ್ಟಿಗೇಲಿ ಉಜ್ಜುತ್ತಾರೇನಯ್ಯಾ? ಇದಕ್ಕೆ ಬ್ಲೀಚಿಂಗ್ ಪೌಡರ್ ಬೇಕು," ಎಂದವರು ಕಲಸಿಕೊಂಡೇ ಬಂದರು. ಹಚ್ಚಿದ ಕೂಡಲೇ ತೊಟ್ಟಿಯಣ್ಣ ಒಂಟಿ ಕಾಲಲ್ಲಿ ಅಂಗಳ ಸುತ್ತಿದ. ತೊಳೆದು ನೋಡಿದರೆ ಒಂದು ಕಡೆ ನೀಲಿ, ಒಂದು ಕಡೆ ಹಸಿರು, ಹಿಮ್ಮಡಿಯಲ್ಲಿ ಅಷ್ಟಿಷ್ಟು ಹಳದಿ.

"ಗುಣ ಕಾಣ್ತಾ ಇದೆ," ಎಂದರು ಮಾಮ. "ನೀಲಿ ಹಸಿರಾಯ್ತು, ಹಸಿರು ಹಳದಿ ಆಗ್ತಿದೆ. ಇನ್ನು ಅಲ್ಲಿಂದ..."

"ಅಲ್ಲಿಂದ ಬಿಳಿಯಾಗೋಷ್ಟರಲ್ಲಿ ನನ್ನ ಮಗಳಿಗೆ ತಲೆ ನೆರೆದಿರುತ್ತೆ ಮಾಮ!"

ಅಷ್ಟರಲ್ಲಿ ಅರ್ಧ ಬೀದಿ ಅಂಗಳದಲ್ಲಿತ್ತು. ಸೀಮೆಎಣ್ಣೆ ಎಂದವರು ಕೆಲವರು, ಬೂದಿ ಎಂದವರು ಕೆಲವರು. ಕೇಳದಿದ್ದರೂ ಕೊಡುವುದಕ್ಕೆ ಜನರ ಬಳಿ ಸಲಹೆಯಷ್ಟು ಧಾರಾಳವಾಗಿ ಬೇರೇನೂ ಇರುವುದಿಲ್ಲ. ತೊಟ್ಟಿಯಣ್ಣ ಕುಂಟುತ್ತ ಒಳಗೆ ಹೋಗಿ ಶಿಲುಬೆಯ ಮುಂದೆ ನಿಂತ. "ಸ್ವಾಮೀ, ನೀನು ಕುಷ್ಠರೋಗಿಗಳನ್ನೇ ಗುಣ ಮಾಡಿದವನು. ನಂದು ಬರೀ ಬಣ್ಣ. ನಿನಗೆ ಎಷ್ಟು ಹೊತ್ತಿನ ಕೆಲಸ?" ಎಂದು ಬೇಡಿದ. ಸುಳ್ಳು ಮುಚ್ಚಲು ದೇವರನ್ನೇ ಕೂಲಿಗೆ ಕರೆಯುತ್ತಿದ್ದೇನಲ್ಲ ಎನಿಸಿ ನಾಚಿಕೆಯಾಯಿತು. ಆದರೂ ಪ್ರಾರ್ಥನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಉತ್ತರ ಮೂಲೆಮನೆಯ ಪಾರ್ಲರ್ ಅಕ್ಕನ ರೂಪದಲ್ಲಿ ಬಂತು. ಮದುವಣಗಿತ್ತಿಯರ ಅಲಂಕಾರದಲ್ಲಿ ಎತ್ತಿದ ಕೈ ಅವಳದು.

"ಬಣ್ಣ ಯಾಕಣ್ಣ ತೆಗೀಬೇಕು? ಮೇಲೆ ಇನ್ನೊಂದು ಬಣ್ಣ ಬಳಿದ್ರಾಯ್ತು," ಎಂದು ಪೆಟ್ಟಿಗೆ ಬಿಚ್ಚಿದಳು. "ಇದು ನೀರಿಗೆ ಜಗ್ಗೋ ಕ್ರೀಮಲ್ಲ. ಮದುಮಗಳು ತವರು ಬಿಡೋವಾಗ ಎಷ್ಟೇ ಅತ್ತರೂ ಒಂದು ಚೂರು ಅಳಿಸಲ್ಲ."

ಅವಳು ಅಂಗಾಲು, ಬೆರಳಸಂದಿ, ಮೀನಖಂಡ ಯಾವುದನ್ನೂ ಬಿಡಲಿಲ್ಲ. ಉಗುರಿಗೆ ತಿಳಿಗುಲಾಬಿ ಹಚ್ಚಿದಳು. ಮೇಲೆ ಪೌಡರು, ಅದರ ಮೇಲೆ ಏನೋ ಸಿಂಪಡಿಸಿದಳು. ಡಬ್ಬಿಯಲ್ಲಿ ಉಳಿದಿದ್ದದ್ದು ಅತಿ ಬೆಳ್ಳಗಿನ ಬಣ್ಣವೊಂದೇ ಆದ್ದರಿಂದ, ಮೊಣಕಾಲ ಮೇಲೆ ತೊಟ್ಟಿಯಣ್ಣ ಅವನೇ ಆಗಿದ್ದರೂ ಕೆಳಗೆ ಯಾವುದೋ ಅರಮನೆಯ ರಾಜಕುಮಾರನಂತಾದ. ಅವನಿಗೆ ತನ್ನ ಕಾಲನ್ನು ನೆಲಕ್ಕೆ ಊರಲೂ ಸಂಕೋಚವಾಯಿತು.

"ನನ್ನ ಮದುವೇಲಿ ನನ್ನ ಮುಖವೇ ಹೀಗಿರಲಿಲ್ಲ," ಎಂದಳು ಹೆಂಡತಿ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಸಂಜೆ ಚರ್ಚು ತುಂಬಿತ್ತು. ಹನ್ನೆರಡು ಕುರ್ಚಿಗಳಲ್ಲಿ ಕೊನೆಯದು ತೊಟ್ಟಿಯಣ್ಣನದು, ಅದರ ಪಕ್ಕದ್ದು ಬೀಗರದು. ಬೀದಿಯವರೆಲ್ಲ ಎರಡನೆಯ ಸಾಲಿನಲ್ಲಿ ಕೂತು ಅವನ ಬೂಟಿನ ಮೇಲೆ ಕಣ್ಣು ನೆಟ್ಟಿದ್ದರು. ಬೀಗರ ಕಣ್ಣೂ ಅಲ್ಲೇ ಇತ್ತು. ಅದೇಕೆಂದು ತಿಳಿಯದೆ ತೊಟ್ಟಿಯಣ್ಣ ಬೆವರಿದ.

"ತೆಗೀರಿ ಬೀಗರೇ, ಸಂಕೋಚ ಯಾಕೆ? ದೇವರ ಮುಂದೆ ಎಲ್ಲರ ಕಾಲೂ ಒಂದೇ," ಎಂದರು ಬೀಗರು ಬಹಳ ಅಕ್ಕರೆಯಿಂದ.

ಪಾದ್ರಿಗಳು ಉಪದೇಶ ಮಾಡುತ್ತಿದ್ದರು: "ಇನ್ನೊಬ್ಬರ ಕಾಲು ತೊಳೆಯಲು ವಿನಯ ಬೇಕು. ಆದರೆ ನಮ್ಮ ಕೊಳೆಯಾದ ಕಾಲನ್ನು ಮುಚ್ಚಿಡದೆ ಮುಂದೆ ಚಾಚಲು ಅದಕ್ಕಿಂತ ಹೆಚ್ಚು ವಿನಯ ಬೇಕು." ಈ ಮಾತು ತನಗೇ ಹೇಳಿದ್ದು ಎನಿಸಿ ತೊಟ್ಟಿಯಣ್ಣ ತಲೆ ತಗ್ಗಿಸಿದ. ಕಾಲುಚೀಲ ಕಳಚಿ ಕಣ್ಣು ಮುಚ್ಚಿಕೊಂಡ. ತಣ್ಣನೆಯ ನೀರು ಪಾದದ ಮೇಲೆ ಬಿತ್ತು. ಪಾರ್ಲರ್ ಅಕ್ಕನ ಮಾತು ಸುಳ್ಳಾದರೆ ಈಗ ಬೋಗುಣಿ ತುಂಬ ನೀಲಿ ಎಂದುಕೊಂಡ. ಪಾದ್ರಿಗಳು ಒರೆಸಿದರು, ಮುತ್ತಿಟ್ಟರು. ಕಣ್ಣು ಬಿಟ್ಟರೆ ಟವಲ್ಲು ಬೆಳ್ಳಗಿತ್ತು, ನೀರು ತಿಳಿಯಾಗಿತ್ತು, ಕಾಲು ಹಾಲಿನಂತಿತ್ತು. ಎರಡನೆಯ ಸಾಲು ಒಟ್ಟಿಗೆ ಉಸಿರು ಬಿಟ್ಟಿತು. ತೊಟ್ಟಿಯಣ್ಣ ಗೆದ್ದ ಮುಖದಲ್ಲಿ ಬೀಗರ ಕಡೆ ತಿರುಗಿದ. ಬೀಗರ ಮುಖ ಕಪ್ಪಿಟ್ಟಿತ್ತು.

ಪೂಜೆ ಮುಗಿದು ಹೊರಗೆ ಬಂದ ಮೇಲೆ ಬೀಗರು ಅವನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

"ನೀವು ನಿಜವಾಗ್ಲೂ ಸೂಪರ್‌ವೈಸರೇನಾ?"

"ಹೌದು ಬೀಗರೇ. ಅದರಲ್ಲೇನು ಅನುಮಾನ?" ಎಂದ ತೊಟ್ಟಿಯಣ್ಣ ಗತ್ತಿನಿಂದ.

"ಅಯ್ಯೋ ದೇವರೇ! ನಾನು ಅದು ಸುಳ್ಳು ಅಂದ್ಕೊಂಡಿದ್ದೆ," ಎಂದು ಬೀಗರು ಮೆಟ್ಟಿಲ ಮೇಲೆ ಕುಸಿದು ಕೂತರು. "ನೋಡಿ, ನಾನು ಗಾರೆ ಕಲಸಿ ಮೇಲೆ ಬಂದವನು. ಹೆಣ್ಣು ಕೇಳೋಕೆ ಮುಂಚೆ ನಿಮ್ಮ ಕಾರ್ಖಾನೆ ಗೇಟಲ್ಲಿ ವಿಚಾರಿಸಿದ್ದೆ. ಹೆಣ್ಣಿನ ಅಪ್ಪ ನೀಲಿ ತೊಟ್ಟಿ ತುಳಿಯೋನು, ಅಪ್ಪಟ ಚಿನ್ನದಂಥ ಮನುಷ್ಯ ಅಂದ್ರು. ಅಲ್ಲಿನ ಸೂಪರ್‌ವೈಸರ್ ಹೆಸರೆತ್ತಿದ್ರೆ ಥೂ ಅಂತ ಉಗಿದ್ರು. ಹಗಲೇ ಕುಡೀತಾನೆ, ಕೆಲಸದವರ ಮೇಲೆ ಕೈ ಮಾಡ್ತಾನೆ ಅಂತ. ನೀವು ಸೂಪರ್‌ವೈಸರ್ ಅಂದಾಗ, ಪಾಪ, ನಾಚಿಕೆಗೆ ಹೇಳ್ತಿದ್ದಾರೆ ಅಂತ ಸುಮ್ಮನಾದೆ. ದುಡಿದು ನೀಲಿಯಾದ ಕಾಲನ್ನ ಪಾದ್ರಿಗಳು ತೊಳೆಯೋದನ್ನ ಕಣ್ತುಂಬ ನೋಡೋಣ ಅಂತಾನೇ ನಿಮ್ಮ ಹೆಸರು ಹೇಳಿದ್ದು ನಾನು. ನೋಡಿದ್ರೆ ಇದೇನು? ನೆಲವನ್ನೇ ಮುಟ್ಟದ ಕಾಲು!"

ತೊಟ್ಟಿಯಣ್ಣನಿಗೆ ನಿಂತ ನೆಲವೇ ಬಿರಿದಂತಾಯಿತು. "ಅದು ನಾನೇ ಬೀಗರೇ! ತುಳಿಯೋನು ನಾನೇ! ಸೂಪರ್‌ವೈಸರ್ ಅಂದದ್ದು ಸುಳ್ಳು!"

"ಈಗ ತಾನೇ ಹೌದು ಅಂದ್ರಲ್ಲ?"

"ಬೇಕಾದ್ರೆ ಇವರನ್ನ ಕೇಳಿ!" ಎಂದು ಅವನು ಬೀದಿಯವರನ್ನು ಕೈಬೀಸಿ ಕರೆದ. "ಹೇಳ್ರಪ್ಪಾ, ನಾನು ಯಾರು?"

ಕೊಟ್ಟ ಮಾತಿಗೆ ಬೀದಿ ತಪ್ಪಲಿಲ್ಲ. "ಸೂಪರ್‌ವೈಸರ್!" ಎಂದರು ಎಲ್ಲರೂ ಒಕ್ಕೊರಲಿನಿಂದ.

"ಅಲ್ಲ ಕಣ್ರೋ, ನಿಜ ಹೇಳಿ! ತೊಟ್ಟಿಯಣ್ಣ ಅನ್ನಿ!"

"ಛೆ ಛೆ, ಯಾವ ತೊಟ್ಟಿ?" ಎಂದರು ಕಾಂಪೌಂಡರ್ ಮಾಮ. "ಇವರ ಕೈಕೆಳಗೆ ಎಷ್ಟು ಜನ ನಡುಗ್ತಾರೆ ಗೊತ್ತಾ ಬೀಗರೇ!" ಗಂಟೆಯಣ್ಣನಂತೂ ಹತ್ತಿರ ಬಂದು, "ನಾವು ಬಾಯಿ ಬಿಡಲ್ಲ, ಹೆದರಬೇಡ," ಎಂದು ಪಿಸುಗುಟ್ಟಿ ಕಣ್ಣು ಮಿಟುಕಿಸಿದ.

ತೊಟ್ಟಿಯಣ್ಣ ಅಂಗಳದ ನಲ್ಲಿಯ ಕಡೆ ಓಡಿದ. "ಒಳಗೆ ನೀಲಿ ಇದೆ ಬೀಗರೇ, ಸ್ವಲ್ಪ ತಾಳಿ!" ಎಂದು ಕೂಗುತ್ತ ಕಾಲಿಗೆ ನೀರು ಬಿಟ್ಟು ಮರಳು ಹಾಕಿ ತಿಕ್ಕಿದ. ಕಾಲು ಇನ್ನಷ್ಟು ಹೊಳೆಯಿತು.

"ಸುಮ್ನೆ ಉಜ್ಜಬೇಡಿ ಅಣ್ಣ, ಅದನ್ನ ತೆಗೆಯೋ ಎಣ್ಣೆ ಅಂಗಡೀಲಿದೆ. ಅಂಗಡಿ ತೆಗೆಯೋದು ಹಬ್ಬ ಕಳೆದ ಮೇಲೇನೇ," ಎಂದಳು ಪಾರ್ಲರ್ ಅಕ್ಕ, ತನ್ನ ಕೈಚಳಕಕ್ಕೆ ತಾನೇ ಹಿಗ್ಗಿ.

ಮಗಳು ಗುಂಪನ್ನು ಸರಿಸಿಕೊಂಡು ಬಂದಳು. ಅಪ್ಪನನ್ನು ನಲ್ಲಿಕಟ್ಟೆಯ ಮೇಲೆ ಕೂರಿಸಿ, ಚರ್ಚಿನ ನೆಲ ಉಜ್ಜುವ ಬ್ರಷ್ ಹಿಡಿದು ಅವನ ಮುಂದೆ ಮೊಣಕಾಲೂರಿದಳು. "ಬೆಳಿಗ್ಗೇನೇ ಹೇಳಿದ್ನಲ್ಲಪ್ಪಾ," ಎಂದಳು. ಅವಳ ಕಣ್ಣೀರು ಅವನ ಪಾದದ ಮೇಲೆ ಬಿತ್ತು. ಅದಕ್ಕೂ ಆ ಬಣ್ಣ ಜಗ್ಗಲಿಲ್ಲ. ತೊಟ್ಟಿಯಣ್ಣನೂ ಅಳತೊಡಗಿದ. "ತಪ್ಪಾಯ್ತು ಮಗಳೇ. ಕಾಲಿಗೆ ಬಣ್ಣ ಇದ್ದಿದ್ರೆ ಸಾಕಿತ್ತು, ಮಾತಿಗೆ ಯಾಕೆ ಬಣ್ಣ ಹಚ್ಚಿದೆನೋ!"

ಅಷ್ಟರಲ್ಲಿ ಹೊರಗೆ ಬಂದ ಪಾದ್ರಿಗಳು ಈ ನೋಟ ಕಂಡು ಭಾವಪರವಶರಾಗಿ ನಿಂತರು. "ನೋಡಿ ಮಕ್ಕಳೇ, ಎಲ್ಲರೂ ನೋಡಿ! ತಂದೆಯ ಪಾದ ತೊಳೆಯುತ್ತಿರುವ ಮಗಳು! ನಾನು ಬಾಯಲ್ಲಿ ಹೇಳಿದ್ದನ್ನು ಇವರು ಮಾಡಿ ತೋರಿಸುತ್ತಿದ್ದಾರೆ," ಎಂದು ಎರಡೂ ಕೈ ಎತ್ತಿ ಆಶೀರ್ವದಿಸಿದರು. ನೆರೆದವರು ಕಣ್ಣೊರೆಸಿಕೊಂಡರು.

ಬೀಗರೊಬ್ಬರು ಮಾತ್ರ ಕಣ್ಣೊರೆಸಿಕೊಳ್ಳಲಿಲ್ಲ. ಬಾಡಿದ ಮುಖದಲ್ಲಿ ನಿಂತಿದ್ದ ಮಗನ ತೋಳು ಹಿಡಿದು ಗೇಟಿನ ಕಡೆ ಹೊರಟರು.

"ಹುಡುಗಿ ಚಿನ್ನದಂಥವಳು, ಅದಕ್ಕೆ ಎರಡು ಮಾತಿಲ್ಲ," ಎಂದರು. "ಆದರೆ ಆ ಅಪ್ಪನ್ನ ನೋಡಯ್ಯಾ! ಪಾದ್ರಿಗಳ ಕೈಲಿ ಕಾಲು ತೊಳೆಸ್ಕೊಂಡದ್ದು ಸಾಲದು ಅಂತ, ಹೆತ್ತ ಮಗಳನ್ನೂ ಮೊಣಕಾಲೂರಿಸಿ ತೊಳೆಸ್ಕೋತಾ ಕೂತಿದ್ದಾನೆ. ಸೂಪರ್‌ವೈಸರ್ ಬುದ್ಧಿ ಎಲ್ಲಿ ಹೋಗುತ್ತೆ?"