ಟೋಪಿ ಇಲ್ಲದ ಪೆನ್ನು

ಸತ್ತವರ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ಹಾಗೆ ಹೇಳುವವರು ಸತ್ತವರ ಕಾಗದಪತ್ರ ಹಿಡಿದು ಕಚೇರಿ ಅಲೆದವರಲ್ಲ. ನಾನು ಅಲೆದಿದ್ದೇನೆ. ಒಂದು ಬಾಗಿಲಲ್ಲಿ ಅಳು ಬಂದರೆ ಮುಂದಿನ ಬಾಗಿಲಲ್ಲಿ ನಗು ಕಾದು ಕೂತಿರುತ್ತಿತ್ತು.

ವಿಷಯ ಇಷ್ಟು. ನನ್ನನ್ನು ಸಾಕಿ ಬೆಳೆಸಿದ ದೊಡ್ಡವ್ವ, ನನ್ನ ಅವ್ವನ ಅಕ್ಕ, ಇಳಕಲ್ಲಿನ ತನ್ನ ಎರಡು ಖೋಲಿಯ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟು ತೀರಿಕೊಂಡಳು. ಆ ಮನೆಯ ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗವಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವುದೇ ನನ್ನ ಹೊಟ್ಟೆಪಾಡು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ದೊಡ್ಡಪ್ಪ ಮೊದಲೇ ಹೋಗಿದ್ದ. ದೊಡ್ಡಪ್ಪನ ತಮ್ಮನ ಮಗ, ವರಸೆಯಲ್ಲಿ ನನಗೆ ಅಣ್ಣ, ಆ ಮನೆ ಕೆಡವಿ ಅಂಗಡಿಸಾಲು ಕಟ್ಟಬೇಕೆಂದಿದ್ದ.

"ಮಗ್ಗ ಬೇಕಂದ್ರ ಎತ್ತಿಕೊಂಡು ಹೋಗವಾ ತಂಗಿ, ನಾ ಬ್ಯಾಡ ಅನ್ನಂಗಿಲ್ಲ" ಎಂದ.

"ಕುಣಿನೂ ಎತ್ತಿಕೊಡಣ್ಣಾ, ಈಗ ಹೋಗ್ತೇನಿ" ಎಂದೆ.

ಅಂದೇ ಹಟ ಹಿಡಿದೆ. ಏನಾದರೂ ಆಗಲಿ, ಮನೆ ಬಿಡುವುದಿಲ್ಲ.

೧. ಕರಕೊಂಡು ಬರ್ರಿ

ದೊಡ್ಡವ್ವ ಬರೆಸಿಟ್ಟ ಕಾಗದ ಆಕೆಯ ಟ್ರಂಕಿನ ತಳದಲ್ಲಿತ್ತು. ಜೊತೆಗೆ ಚಿಂದಿಯಲ್ಲಿ ಸುತ್ತಿದ ಒಂದು ಹಸಿರು ಇಂಕ್ ಪೆನ್ನು, ಅದಕ್ಕೆ ಟೋಪಿಯೇ ಇಲ್ಲ. ತೊಳೆದು ಇಂಕು ತುಂಬಿದರೆ ಚೆನ್ನಾಗಿ ಬರೆಯಿತು. ದೊಡ್ಡವ್ವನ ಕೆಲಸ ದೊಡ್ಡವ್ವನ ಪೆನ್ನಿನಿಂದಲೇ ಆಗಲಿ ಎಂದು ಚೀಲಕ್ಕೆ ಹಾಕಿಕೊಂಡೆ.

ಹುನಗುಂದದ ನಮ್ಮ ವಕೀಲರು ಮೊದಲು ಆಕೆ ಸತ್ತದ್ದಕ್ಕೆ ದಾಖಲೆ ತರಲು ಹೇಳಿದರು. ನಗರಸಭೆಯ ಕಿಟಕಿಗೆ ಹೋಗಿ, "ನಮ್ಮ ದೊಡ್ಡವ್ವನ ಮೃತ್ಯುಪತ್ರ ಬೇಕಿತ್ರಿ" ಎಂದೆ.

ಒಳಗಿದ್ದವರು ತಲೆ ಎತ್ತದೆ, ಅದನ್ನು ಅವರೇ ಬರೆಯಬೇಕು, ಕರಕೊಂಡು ಬರ್ರಿ ಎಂದರು. ಅವರು ಸತ್ತಿದ್ದಾರೆ ಎಂದೆ.

"ಹಂಗಾದ್ರ ತಡಾ ಆತಲ್ರಿ."

ಸರದಿಯಲ್ಲಿ ನನ್ನ ಹಿಂದೆ ನಿಂತವರು ಬಿಡಿಸಿ ಹೇಳಿದರು. ಸಾಯುವ ಮೊದಲು ನಾವು ಬರೆದಿಡುವುದು ಮೃತ್ಯುಪತ್ರ, ಸತ್ತ ಮೇಲೆ ಸರ್ಕಾರ ಕೊಡುವುದು ಮರಣ ಪ್ರಮಾಣಪತ್ರ. ಟ್ರಂಕಿನಲ್ಲಿದ್ದದ್ದನ್ನು ಮನೆಯಲ್ಲೇ ಬಿಟ್ಟು ಅದನ್ನೇ ಕೇಳಲು ಇಲ್ಲಿ ಬಂದು ನಿಂತಿದ್ದೆ.

೨. ವೃಕ್ಷ

ಆಮೇಲೆ ವಕೀಲರು ವಂಶವೃಕ್ಷ ಬೇಕೆಂದರು. ಮನೆತನದಲ್ಲಿ ಯಾರ್ಯಾರಿದ್ದಾರೆ ಎಂದು ತಿಳಿದರೆ ತಾನೆ ಕೋರ್ಟು ಅವರಿಗೆಲ್ಲ ನೋಟಿಸು ಕಳಿಸುವುದು. ಅರ್ಜಿ ಕೊಟ್ಟೆ. ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿ ವಿಚಾರಣೆಗೆ ಓಣಿಗೆ ಬಂದ ದಿನ ನಾನು ನೂಲು ತರಲು ಹೋಗಿದ್ದೆ.

ಕಾಗದದ ಮೇಲೆ ದೊಡ್ಡವ್ವನ ಹೆಸರು ನೀಲಗಂಗವ್ವ. ಮನೆ ಮೂಲೆಯಲ್ಲಿದ್ದದ್ದಕ್ಕೆ ಓಣಿಗೆಲ್ಲ ಆಕೆ ಮೂಲಿಮನಿ ಅವ್ವ. ಬಗಲಲ್ಲಿ ಚೀಲ ಇಟ್ಟುಕೊಂಡು ನೀಲಗಂಗವ್ವನ ಮನೆ ಕೇಳುವವರು ಸಾಲ ವಸೂಲಿಯವರೇ ಇರಬೇಕೆಂದು ಓಣಿಯವರು ತೀರ್ಮಾನಿಸಿದರು. ಆ ಹೆಸರಿನವರು ಈ ಓಣಿಯೊಳಗೆ ಹುಟ್ಟೇ ಇಲ್ಲ ಎಂದು ಎದುರುಮನೆಯ ಮುದುಕಿ ಖಡಾಖಂಡಿತ ಹೇಳಿದಳು. ಉಳಿದವರು ಹೂಂ ಎಂದರು.

ನಾನು ಬರುವಷ್ಟರಲ್ಲಿ ತಲಾಠಿಯವರ ಮುಖ ಕೆಂಪಾಗಿತ್ತು. "ಹುಟ್ಟೇ ಇಲ್ಲ ಅಂತಾರ ನಿಮ್ಮ ಮಂದಿ. ಸತ್ತದ್ದು ಹೆಂಗ ಅಂತ ಬರೀಲಿ?" ಎಂದು ಕೇಳಿದರು.

ಯಾರ ವಿಚಾರ ಎಂದು ಗೊತ್ತಾದ ಮೇಲೆ ಮುದುಕಿ ಅತ್ತುಬಿಟ್ಟಳು. ಅಳುತ್ತಲೇ ದೊಡ್ಡವ್ವನ ಮಾವ, ಮಾವನ ಅಪ್ಪ, ಅವನ ಇಬ್ಬರು ಹೆಂಡಂದಿರು, ಆ ಹೆಂಡಂದಿರ ತವರುಮನೆ ಎಂದು ಒಂದೇ ಸಮನೆ ಹೇಳತೊಡಗಿದಳು. ತಲಾಠಿಯವರು ಪೆನ್ನು ಕೆಳಗಿಟ್ಟರು.

"ಸಾಕು ಬಿಡವ್ವಾ. ವೃಕ್ಷ ಕೇಳಿದ್ರ ಅಡವಿ ಹಚ್ಚಾಕತ್ತೀದಿ."

೩. ತಕರಾರು

ಪ್ರೊಬೇಟ್ ಅಂದರೆ ಈ ಮೃತ್ಯುಪತ್ರ ಖರೆ ಎಂದು ಕೋರ್ಟೇ ಹೇಳುವುದು. ನಮ್ಮ ಕಡೆ ಎಲ್ಲರಿಗೂ ಅದು ಬೇಕೇಬೇಕೆಂದಿಲ್ಲ, ಆದರೆ ನಿಮ್ಮ ಅಣ್ಣ ಸುಮ್ಮನಿರುವವನಲ್ಲ ಎಂದು ವಕೀಲರು ಬಾಗಲಕೋಟೆಯ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಿದರು. ತಕರಾರು ಇದ್ದವರು ಹಾಜರಾಗಿ ಹೇಳಬೇಕೆಂದು ಪೇಪರಿನಲ್ಲಿ ಪ್ರಕಟಣೆ ಬಂತು.

ಓಣಿಯವರು ಅದನ್ನು ಓದಿಸಿಕೊಂಡು ಸೀದಾ ನನ್ನ ಕಟ್ಟೆಗೆ ಬಂದರು. ತನ್ನ ಮನೆಯ ನಾಯಿಯನ್ನು ದೊಡ್ಡವ್ವ ತನ್ನ ಹೆಸರು ಹಿಡಿದೇ ಕರೆಯುತ್ತಿದ್ದಳು ಎಂಬುದು ಪಕ್ಕದ ಮನೆಯವನ ತಕರಾರು. ತನ್ನ ಒಳಕಲ್ಲಿನ ಗುಂಡು ಒಯ್ದವಳು ಕೊಡಲೇ ಇಲ್ಲ ಎಂದು ಎದುರುಮನೆಯ ಮುದುಕಿಯದು. ಒಯ್ದದ್ದನ್ನು ತಿರುಗಿ ಕೊಡುವ ಅಭ್ಯಾಸ ದೊಡ್ಡವ್ವನಿಗೆ ಇರಲಿಲ್ಲ, ಅದು ಖರೆ. ಇವನ್ನು ಕೋರ್ಟು ಕೇಳುವುದಿಲ್ಲ ಎಂದು ಹೇಳಿ ಕಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನಿಜವಾದ ತಕರಾರು ಅಣ್ಣನಿಂದ ಬಂತು. ಆ ಸಹಿ ಆಕೆಯದಲ್ಲ, ಆಕೆಯದೇ ಆದರೂ ಆಗ ಆಕೆಯ ಬುದ್ಧಿ ನೆಟ್ಟಗಿರಲಿಲ್ಲ ಎಂದು ಬರೆದಿದ್ದ. ಮೃತ್ಯುಪತ್ರ ಬಿದ್ದುಹೋದರೆ ಮನೆ ದೊಡ್ಡಪ್ಪನ ಕಡೆಯವರಿಗೇ ಹೋಗುತ್ತದೆ ಎಂದರು ವಕೀಲರು. ನನಗೆ ಹೆದರಿಕೆಯಾಯಿತು. ಎರಡು ದಿನ ಮಗ್ಗಕ್ಕೆ ಇಳಿಯಲಿಲ್ಲ.

ಓಣಿಗೆ ಮಾತ್ರ ಸಿಟ್ಟು ಬಂತು. "ಬುದ್ಧಿ ಇಲ್ಲದಾಕಿ ಮ್ಯಾಲೆ ನಾವು ಇಷ್ಟು ಮಂದಿ ತಕರಾರು ತರ್ತಿದ್ವೇನು?" ಎಂದಳು ಮುದುಕಿ.

೪. ನಂದೊಂದು ವಸ್ತು

ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿ ಸಹಿ ಹಾಕಿರುತ್ತಾರೆ. ಅವರಲ್ಲಿ ಬದುಕಿದ್ದವರು ಒಬ್ಬರಾದರೂ ಬಂದು ನಮ್ಮೆದುರಿಗೇ ಆಕೆ ಸಹಿ ಮಾಡಿದಳು ಎಂದು ಹೇಳಬೇಕು. ನಮ್ಮ ಕಾಗದದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ದೊಡ್ಡವ್ವನಿಗಿಂತ ಮೊದಲೇ ಹೋಗಿದ್ದರು. ಉಳಿದವನು ಕುಳಗೇರಿ ಕ್ರಾಸಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ದೊಡ್ಡವ್ವ ಸೀರೆ ಗಂಟು ಹೊತ್ತು ಬಾದಾಮಿಗೆ ಹೋಗುವಾಗ ದಾರಿಯುದ್ದಕ್ಕೂ ಜಗಳಾಡುತ್ತಿದ್ದದ್ದು ಇವನ ಜೊತೆಗೇ.

ಬಾದಾಮಿಯಲ್ಲಿ ಬಸ್ಸು ಬದಲಿಸಿ ಅವನ ಮನೆ ಹುಡುಕಿದೆ. ಎಲ್ಲ ಕೇಳಿ, ಅಕಿ ಹೋದಳೇನು ಎಂದ. ಸಾಕ್ಷಿಗೆ ಬರಬೇಕು ಎಂದೆ.

"ಬರ್ತೇನಿ. ಆದ್ರ ನಂದೊಂದು ವಸ್ತು ಅಕಿ ಕಡೆ ಐತವ್ವಾ."

ಏನು ಎಂದು ಎಷ್ಟು ಕೇಳಿದರೂ ಒಂದೇ ಉತ್ತರ: "ಕೋರ್ಟಿನಾಗ ಹೇಳ್ತೇನಿ."

ಇವನದೂ ತಕರಾರೇ ಇರಬೇಕು ಎಂದುಕೊಂಡೆ. ಇವನು ಕೈಕೊಟ್ಟರೆ ಮನೆ ಹೋದಂತೆಯೇ. ಅದೇ ಯೋಚನೆಯಲ್ಲಿ ಬಸ್ಸು ಹತ್ತಿದೆ. ಆ ಬಸ್ಸಿನ ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದರೆ, "ಕೋರ್ಟಿನಾಗ ಹೇಳ್ತೇನಿ" ಎಂದುಬಿಟ್ಟೆ.

೫. ನೆಟ್ಟಗಿನ ಬುದ್ಧಿ

ಸಾಕ್ಷಿಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋರ್ಟಿಗೆ ಬಂದ. ಕಟಕಟೆಯಲ್ಲಿ ನಿಂತು, ಸಹಿ ಆಕೆಯದೇ, ನನ್ನೆದುರಿಗೇ ಹಾಕಿದಳು ಎಂದ. ಅಣ್ಣನ ವಕೀಲರು ಎದ್ದು ನಿಂತರು. ಆಗ ಆಕೆಯ ಬುದ್ಧಿ ನೆಟ್ಟಗಿತ್ತು ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳಿದರು.

ಕಂಡಕ್ಟರ್ ನ್ಯಾಯಾಧೀಶರ ಕಡೆ ತಿರುಗಿದ.

"ಸಾಹೇಬ್ರ, ಅವತ್ತು ಅಕಿ ಕಡೆ ಪೆನ್ನು ಇರಲಿಲ್ಲ. ನನ್ನ ಪೆನ್ನು ಕೊಟ್ಟೆ. ಯಾರಿಗರ ಪೆನ್ನು ಕೊಟ್ರ ಟೋಪಿ ನನ್ನ ಕೈಯಾಗ ಇಟ್ಕೊಳ್ಳೋದು ನನ್ನ ರೂಢಿ. ಅಕಿ ಸಹಿ ಮಾಡಿದ್ಲು, ನಾವೂ ಅದರಿಂದನ ಮಾಡಿದ್ವಿ. ಕಡೀಕ ಕಾಗದದ ಜೋಡಿ ಪೆನ್ನೂ ಚೀಲದಾಗ ಇಳಿಸಿದ್ಲು. ಕೊಡವಾ ಅಂದ್ರ, 'ಈಗ ಕೊಟ್ರ ನೀ ಸಾಕ್ಷಿಗೆ ಬರಂಗಿಲ್ಲ, ಬಂದಾಗ ಇಸ್ಕೋ' ಅಂದ್ಲು. ಟೋಪಿ ಹಿಡ್ಕೊಂಡು ನಿಂತ ನನಗ ಟೋಪಿ ಹಾಕಿದ್ಲುರಿ. ಅಕಿ ಬುದ್ಧಿ ನೆಟ್ಟಗಿರಲಿಲ್ಲಂದ್ರ ನನ್ನ ಬುದ್ಧಿ ಏನಂತೀರಿ?"

ಕಿಸೆಯಿಂದ ಒಂದು ಹಸಿರು ಟೋಪಿ ತೆಗೆದು ಎತ್ತಿ ಹಿಡಿದ. ಎಲ್ಲರೂ ನನ್ನ ಕಡೆ ನೋಡಿದರು. ಸಹಿಗೆ ಬೇಕಾದೀತೆಂದು ಅಂದೂ ತಂದಿದ್ದ ಟ್ರಂಕಿನ ಆ ಪೆನ್ನು ನನ್ನ ಕೈಯಲ್ಲೇ ಇತ್ತು. ನ್ಯಾಯಾಧೀಶರು ಅವನಿಗೆ ಕೊಡು ಎಂದು ಸನ್ನೆ ಮಾಡಿದರು. ಟೋಪಿ ಸರಿಯಾಗಿ ಕೂತಿತು. ಅಣ್ಣನ ವಕೀಲರೂ ಕೂತರು. ಇಡೀ ಕೋರ್ಟು ನಗುತ್ತಿತ್ತು, ನನಗೆ ಮಾತ್ರ ಅಳು ಬಂತು. ಸಾಯುವ ಎಷ್ಟೋ ಮೊದಲೇ ನನ್ನ ಸಲುವಾಗಿ ಇಷ್ಟು ದೂರ ಯೋಚಿಸಿದ್ದಳು ನನ್ನ ದೊಡ್ಡವ್ವ.

ಮುಂದೆ ತೀರ್ಪು ನನ್ನ ಕಡೆ ಆಯಿತು. ಮನೆ ನನ್ನ ಹೆಸರಿಗೆ ಬಂತು, ಕುಣಿ ಇದ್ದಲ್ಲೇ ಇದೆ. ಒಳಕಲ್ಲಿನ ಗುಂಡನ್ನು ಮುದುಕಿಗೆ ನಾನೇ ಮುಟ್ಟಿಸಿದೆ.

ಅಂದು ಸಾಕ್ಷಿ ಮುಗಿಸಿ ಹೊರಗೆ ಬಂದಾಗ ವಕೀಲರು ಒಂದು ಕಾಗದ ಮುಂದಿಟ್ಟು ಸಹಿ ಹಾಕು ಎಂದರು. ನನ್ನ ಕೈ ಬರಿದಾಗಿತ್ತು. ಒಂದು ಗಳಿಗೆ ಪೆನ್ನು ಕೊಡ್ರಿ ಎಂದು ಕಂಡಕ್ಟರನನ್ನು ಕೇಳಿದೆ. ಅವನು ನನ್ನ ಮುಖ ನೋಡಿದ, ಪೆನ್ನನ್ನು ಅಂಗಿಯ ಒಳಗಿಸೆಗೆ ಇಳಿಸಿ ಗುಂಡಿ ಹಾಕಿಕೊಂಡ.

"ನೀ ಅಕಿ ಸಾಕಿದಾಕಿ ಅಲ್ಲೇನವಾ? ಹೆಬ್ಬಟ್ಟು ಒತ್ತು."